ಜೋಲುವ ಚರ್ಮಕ್ಕೆ ಲೇಸರ್: ಬೆಳಕು ಮಾಡುವುದೇನು, ಮಾಡಲಾಗದ್ದೇನು

ತೂಕ ಇಳಿಸಲು ಬಳಸುವ ಎರಡು ಚುಚ್ಚುಮದ್ದುಗಳು, ಮೌಂಜಾರೊ ಮತ್ತು ವೆಗೋವಿ, 2025ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಇವುಗಳಿಂದಾಗಲಿ, ಕಟ್ಟುನಿಟ್ಟಿನ ಪಥ್ಯದಿಂದಾಗಲಿ ಬೇಗ ಬೇಗ ತೂಕ ಇಳಿದವರಲ್ಲಿ ಕೆಲವರಿಗೆ ಸೊಂಟದ ಸುತ್ತಳತೆ ಕಡಿಮೆಯಾದ ಸಂತೋಷದ ಜತೆಗೇ ಕನ್ನಡಿಯಲ್ಲಿ ಇನ್ನೊಂದು ಬದಲಾವಣೆ ಕಾಣಿಸುತ್ತದೆ. ಕೆನ್ನೆ ಗುಳಿ ಬಿದ್ದಿರುತ್ತದೆ, ದವಡೆಯ ಅಂಚು ಮಸುಕಾಗಿರುತ್ತದೆ, ಗದ್ದದ ಕೆಳಗಿನ ಚರ್ಮ ಸಡಿಲ ಚೀಲದಂತೆ ಇಳಿಬಿದ್ದಿರುತ್ತದೆ. ಐವತ್ತು ದಾಟಿದವರಿಗೆ ತೂಕ ಇಳಿಯದೆಯೂ ಇದು ಪರಿಚಿತ ದೃಶ್ಯ. ಮೊಬೈಲ್ ತೆರೆದರೆ ‘ಶಸ್ತ್ರಚಿಕಿತ್ಸೆ ಇಲ್ಲದೆ, ಲೇಸರ್‌ನಿಂದ ಮುಖ ಬಿಗಿಗೊಳಿಸಿ’ ಎಂಬ ಜಾಹೀರಾತುಗಳು ಸಾಲಾಗಿ ಬರುತ್ತವೆ. ಅವುಗಳನ್ನು ನಂಬಬೇಕೇ ಬೇಡವೇ ಎಂದು ತೀರ್ಮಾನಿಸುವ ಮೊದಲು ಬೆಳಕಿನ ಒಂದು ಕಿರಣ ಚರ್ಮವನ್ನು ಬಿಗಿ ಮಾಡುವುದಾದರೂ ಹೇಗೆ ಎಂಬುದನ್ನು ಬುಡದಿಂದ ತಿಳಿದುಕೊಳ್ಳುವುದು ಒಳ್ಳೆಯದು.

ಚರ್ಮ ಜೋಲುವುದು ಏಕೆ

ಹಳೆಯ ಮನೆಗಳಲ್ಲಿದ್ದ ನವಾರಿನ ಮಂಚವನ್ನು ನೆನಪಿಸಿಕೊಳ್ಳಿ. ಮರದ ಚೌಕಟ್ಟು, ಅದರ ಮೇಲೆ ಹೆಣೆದ ನವಾರು, ನವಾರಿನ ಮೇಲೆ ಹಾಸಿಗೆ, ಎಲ್ಲಕ್ಕಿಂತ ಮೇಲೊಂದು ಹೊದಿಕೆ. ಮುಖದ ರಚನೆಯನ್ನೂ ಹೆಚ್ಚುಕಡಿಮೆ ಹೀಗೆಯೇ ಊಹಿಸಿಕೊಳ್ಳಬಹುದು. ಮೂಳೆಯೇ ಚೌಕಟ್ಟು. ಅದರ ಮೇಲೆ ಸ್ನಾಯು ಮತ್ತು ಸ್ನಾಯುವಿಗೆ ಅಂಟಿಕೊಂಡ ಗಟ್ಟಿ ಪೊರೆ ಇವೆ, ಇವು ನವಾರಿನ ಹಾಗೆ ಭಾರ ಹೊರುತ್ತವೆ. ಅದರ ಮೇಲಿನ ಕೊಬ್ಬಿನ ಪದರ ಹಾಸಿಗೆಯಂತೆ ಮುಖಕ್ಕೆ ತುಂಬು ಕೊಡುತ್ತದೆ. ಎಲ್ಲವನ್ನೂ ಮುಚ್ಚಿಕೊಂಡಿರುವ ಹೊದಿಕೆಯೇ ಚರ್ಮ.

ಈ ಹೊದಿಕೆಯಲ್ಲೂ ಎರಡು ಪದರಗಳಿವೆ. ಕಣ್ಣಿಗೆ ಕಾಣುವ ಹೊರಚರ್ಮ ಕಾಗದದಷ್ಟು ತೆಳುವಾದದ್ದು, ಮೈಬಣ್ಣಕ್ಕೆ ಕಾರಣವಾದ ಮೆಲನಿನ್ ಇರುವುದು ಇಲ್ಲಿ. ಅದರ ಕೆಳಗಿನ ಒಳಚರ್ಮ ಮುಖದ ಬಹುಪಾಲು ಕಡೆ ಒಂದೆರಡು ಮಿಲಿಮೀಟರ್ ದಪ್ಪವಿರುತ್ತದೆ. ಚರ್ಮದ ಗಟ್ಟಿತನ, ಎಳೆದು ಬಿಟ್ಟರೆ ಮರಳಿ ಕೂರುವ ಗುಣ ಎರಡೂ ಒಳಚರ್ಮದ ಕೊಡುಗೆ. ಅಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಹುರಿಗೊಳಿಸಿದ ಹಗ್ಗದಂತೆ ಹೆಣೆದುಕೊಂಡಿರುತ್ತವೆ, ನಡುವೆ ಎಲಾಸ್ಟಿನ್ ಎಂಬ ಇನ್ನೊಂದು ಪ್ರೋಟೀನು ರಬ್ಬರಿನಂತೆ ಕೆಲಸ ಮಾಡುತ್ತದೆ.

ವಯಸ್ಕರಾದ ಮೇಲೆ ಚರ್ಮದ ಕೊಲಾಜನ್ ವರ್ಷಕ್ಕೆ ಸುಮಾರು ಶೇ 1ರಷ್ಟು ಕಡಿಮೆಯಾಗುತ್ತ ಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ನಂತರದ ಮೊದಲ ಐದು ವರ್ಷಗಳಲ್ಲಿ ಈ ಇಳಿಕೆ ಒಮ್ಮೆಲೇ ಚುರುಕಾಗಿ ಸುಮಾರು ಶೇ 30ರಷ್ಟು ಕೊಲಾಜನ್ ನಷ್ಟವಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ‘ಎರಡು ಮೂರು ವರ್ಷದಲ್ಲೇ ಮುಖ ಇಳಿದುಹೋಯಿತು’ ಎಂದು ಹೆಂಗಸರು ಹೇಳುವುದು ಬರೀ ಭ್ರಮೆಯಲ್ಲ, ಅದಕ್ಕೆ ಇಂತಹ ಕಾರಣವಿದೆ.

ವಯಸ್ಸಿಗಿಂತಲೂ ದೊಡ್ಡ ಕಾರಣ ಬಿಸಿಲು. ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳಲ್ಲಿ ‘ಎ’ ವರ್ಗದವು ಕಿಟಕಿಯ ಗಾಜನ್ನೂ ದಾಟಿ ಒಳಚರ್ಮದವರೆಗೆ ಇಳಿದು ಕೊಲಾಜನ್ ಎಳೆಗಳನ್ನು ಕತ್ತರಿಸುತ್ತವೆ. 2012ರಲ್ಲಿ ಅಮೆರಿಕದ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆ 69 ವರ್ಷದ ಲಾರಿ ಚಾಲಕರೊಬ್ಬರ ಚಿತ್ರವನ್ನು ಪ್ರಕಟಿಸಿತ್ತು. 28 ವರ್ಷ ವಾಹನ ಓಡಿಸಿದ್ದ ಅವರ ಮುಖದ ಎಡಭಾಗ, ಅಂದರೆ ಅಲ್ಲಿನ ಚಾಲಕರಿಗೆ ಕಿಟಕಿ ಇರುವ ಬದಿ, ದಪ್ಪ ನೆರಿಗೆಗಳಿಂದ ಜೋತುಬಿದ್ದಿತ್ತು. ಬಲಭಾಗ ಅದಕ್ಕಿಂತ ಎಷ್ಟೋ ವರ್ಷ ಚಿಕ್ಕವರ ಮುಖದಂತಿತ್ತು. ವಯಸ್ಸು ಒಂದೇ, ಮನುಷ್ಯ ಒಬ್ಬನೇ, ವ್ಯತ್ಯಾಸ ಬಿಸಿಲಿನದು. ನಮ್ಮಲ್ಲಿ ಚಾಲಕರ ಆಸನ ಬಲಗಡೆ ಇರುವುದರಿಂದ ಕಿಟಕಿಯ ಬಿಸಿಲು ಬೀಳುವುದು ಬಲಗೆನ್ನೆಯ ಮೇಲೆ.

ಧೂಮಪಾನವೂ ಕೊಲಾಜನ್ನನ್ನು ಹಾಳುಮಾಡುತ್ತದೆ. ಬೇಗನೆ ತೂಕ ಇಳಿದಾಗ ಆಗುವುದು ಬೇರೆ ಸಂಗತಿ. ಅಲ್ಲಿ ಹೊದಿಕೆ ಹಾಗೇ ಇದ್ದು ಒಳಗಿನ ಹಾಸಿಗೆ ತೆಳುವಾಗಿರುತ್ತದೆ. ದಪ್ಪ ಹಾಸಿಗೆಗೆ ಅಳತೆ ಮಾಡಿ ಹೊಲಿಸಿದ ಗವಸನ್ನು ತೆಳು ಹಾಸಿಗೆಗೆ ಹಾಕಿದರೆ ಸುಕ್ಕುಗಟ್ಟುವ ಹಾಗೆ ಕೆನ್ನೆಯ ಚರ್ಮ ಸಡಿಲವಾಗುತ್ತದೆ.

ಮಲಗಿಕೊಂಡು ಕನ್ನಡಿ ನೋಡಿ

ಯಾವ ಪದರ ಸಡಿಲವಾಗಿದೆ ಎಂಬುದರ ಮೇಲೆ ಲೇಸರ್ ಉಪಯೋಗಕ್ಕೆ ಬರುತ್ತದೆಯೋ ಇಲ್ಲವೋ ಎಂಬುದು ನಿಂತಿದೆ. ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಕೈಗನ್ನಡಿ ಹಿಡಿದು ಅಂಗಾತ ಮಲಗಿ, ಮುಖದ ನೇರಕ್ಕೆ ಕನ್ನಡಿ ತಂದು ನೋಡಿಕೊಳ್ಳಿ. ಎದ್ದು ಕುಳಿತಾಗ ದವಡೆಯ ಕೆಳಗೆ ಇಳಿಯುತ್ತಿದ್ದ ಕೆನ್ನೆ ಮಲಗಿದಾಗ ಕಿವಿಯ ಕಡೆ ಸರಿದು ದವಡೆಯ ಗೆರೆ ಸ್ಪಷ್ಟವಾಗಿ ಕಂಡರೆ, ಸಡಿಲವಾಗಿರುವುದು ಚರ್ಮ ಮಾತ್ರವಲ್ಲ, ಕೆಳಗಿನ ಸ್ನಾಯುಪೊರೆ ಮತ್ತು ಕೊಬ್ಬು ಕೂಡ ಜಾರಿವೆ ಎಂದು ತಿಳಿಯಬೇಕು. ಮಲಗಿದಾಗಲೂ ಕಣ್ಣಿನ ಸುತ್ತ, ತುಟಿಯ ಮೇಲೆ, ಕೆನ್ನೆಯ ಮೇಲೆ ಸಣ್ಣ ಗೆರೆಗಳು, ಮಡಿಸಿಟ್ಟ ತೆಳುಬಟ್ಟೆಯಂತಹ ಸುಕ್ಕುಗಳು ಉಳಿದರೆ ಅದು ಮುಖ್ಯವಾಗಿ ಚರ್ಮದ್ದೇ ತೊಂದರೆ.

ಲೇಸರ್ ಹೆಚ್ಚು ಫಲ ಕೊಡುವುದು ಎರಡನೆಯ ಬಗೆಯಲ್ಲಿ. ಮೊದಲ ಬಗೆಯಲ್ಲಿ ನವಾರು ಸಡಿಲವಾಗಿರುವಾಗ ಹೊದಿಕೆಯನ್ನಷ್ಟೇ ಬಿಗಿ ಮಾಡಿದ ಹಾಗಾಗುತ್ತದೆ, ಸ್ವಲ್ಪ ಅಚ್ಚುಕಟ್ಟಾಗಿ ಕಾಣಬಹುದೇ ಹೊರತು ಮಂಚದ ಗುಂಡಿ ಹೋಗುವುದಿಲ್ಲ. ಬಹಳ ಇಳಿಬಿದ್ದ ದವಡೆಗೆ, ಕತ್ತಿನ ಮುಂದೆ ಎರಡು ಹಗ್ಗಗಳಂತೆ ಎದ್ದು ಕಾಣುವ ಸ್ನಾಯುವಿನ ಪಟ್ಟಿಗಳಿಗೆ ಇಂದಿಗೂ ಶಸ್ತ್ರಚಿಕಿತ್ಸೆಗೆ ಸಮನಾದ ಪರಿಹಾರವಿಲ್ಲ. ತೂಕ ಇಳಿದು ಕೆನ್ನೆ ಗುಳಿ ಬಿದ್ದವರಿಗೆ ಬೇಕಿರುವುದು ತುಂಬು, ಲೇಸರ್ ತುಂಬು ಕೊಡುವುದಿಲ್ಲ. ಜಾಹೀರಾತಿನಲ್ಲಿ ಬಿಟ್ಟುಹೋಗುವ ಮುಖ್ಯ ಮಾತು ಇದು. ನಿರಾಸೆಗೊಂಡು ಬರುವವರಲ್ಲಿ ಹೆಚ್ಚಿನವರು ಚಿಕಿತ್ಸೆ ಕೆಟ್ಟು ನಿರಾಸೆಗೊಂಡವರಲ್ಲ, ತಮಗೆ ಹೊಂದದ ಚಿಕಿತ್ಸೆ ಮಾಡಿಸಿಕೊಂಡವರು.

ಲೇಸರ್ ಬೆಳಕಿನ ವಿಶೇಷ

ಬಲ್ಬಿನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಬೆರೆತು ಎಲ್ಲ ದಿಕ್ಕಿಗೂ ಚದರುತ್ತವೆ. ಲೇಸರ್ ಬೆಳಕು ಒಂದೇ ತರಂಗಾಂತರದ್ದು, ಒಂದೇ ದಿಕ್ಕಿಗೆ ಕಟ್ಟಾಗಿ ಸಾಗುವಂಥದ್ದು. ಜಾತ್ರೆಯ ಗುಂಪು ನಡೆಯುವುದಕ್ಕೂ ಕವಾಯತಿನ ಪಡೆ ಹೆಜ್ಜೆ ಹಾಕುವುದಕ್ಕೂ ಇರುವ ವ್ಯತ್ಯಾಸ ಇದು. ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ಕಾಗದ ಸುಟ್ಟ ಮಕ್ಕಳಿಗೆಲ್ಲ ಒಂದೆಡೆ ಸೇರಿದ ಬೆಳಕಿನ ಬಲ ಗೊತ್ತು. ಲೇಸರ್‌ನಲ್ಲಿ ಆ ಬಲವನ್ನು ಕೂದಲೆಳೆಯಷ್ಟು ಜಾಗಕ್ಕೆ, ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತಿಗೆ ಮಿತಿಗೊಳಿಸಬಹುದು.

1960ರಲ್ಲಿ ಅಮೆರಿಕದ ಥಿಯೊಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊಮ್ಮಿಸಿದರು. ಚರ್ಮ ಬಿಗಿಗೊಳಿಸಲು ಇಂದು ಹೆಚ್ಚು ಹೆಸರಾದ ಇಂಗಾಲದ ಡೈಆಕ್ಸೈಡ್ ಲೇಸರ್ ಅನ್ನು 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಕುಮಾರ್ ಪಟೇಲ್. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದವರು ಅವರು. ನಮ್ಮ ಊರುಗಳ ಕ್ಲಿನಿಕ್‌ಗಳಲ್ಲಿ ‘ಸಿಒಟು ಲೇಸರ್’ ಎಂದು ಕರೆಯುವುದು ಇದನ್ನೇ.

ಬಿಸಿಲಿನಲ್ಲಿ ಬಿಳಿ ಬಟ್ಟೆಗಿಂತ ಕಪ್ಪು ಬಟ್ಟೆ ಬೇಗ ಕಾಯುತ್ತದೆ, ಏಕೆಂದರೆ ಅದು ಬೆಳಕನ್ನು ಹೆಚ್ಚು ಹೀರಿಕೊಳ್ಳುತ್ತದೆ. ಚರ್ಮದೊಳಗೂ ಹೀಗೆಯೇ: ಒಂದೊಂದು ತರಂಗಾಂತರವನ್ನು ಒಂದೊಂದು ವಸ್ತು ಹೀರಿಕೊಳ್ಳುತ್ತದೆ. ಕೂದಲು ತೆಗೆಯುವ ಲೇಸರ್ ಹುಡುಕುವುದು ಮೆಲನಿನ್ನನ್ನು, ಕೆಂಪು ಮಚ್ಚೆಯ ಲೇಸರ್ ಹುಡುಕುವುದು ರಕ್ತವನ್ನು. ಸಿಒಟು ಲೇಸರ್‌ನ ತರಂಗಾಂತರ 10,600 ನ್ಯಾನೋಮೀಟರ್, ಇದನ್ನು ಹೀರಿಕೊಳ್ಳುವುದು ನೀರು. ಚರ್ಮದ ಬಹುಭಾಗ ನೀರೇ ಆದ್ದರಿಂದ ಕಿರಣ ತಾಗಿದಲ್ಲಿ ಜೀವಕೋಶಗಳೊಳಗಿನ ನೀರು ತಕ್ಷಣ ಕುದಿದು ಆವಿಯಾಗುತ್ತದೆ, ಅದರ ಸುತ್ತಲಿನ ಭಾಗ ಆವಿಯಾಗದೆ ಕಾಯುತ್ತದೆ. ಎರ್ಬಿಯಂ-ಯಾಗ್ ಎಂಬ ಲೇಸರ್‌ನ 2,940 ನ್ಯಾನೋಮೀಟರ್ ಬೆಳಕನ್ನು ನೀರು ಇನ್ನೂ ಹಲವು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಹಾಗಾಗಿ ಅದು ಮೇಲಿನ ಪದರವನ್ನು ನಾಜೂಕಾಗಿ ತೆಗೆಯುತ್ತದೆ, ಸುತ್ತ ಹರಡುವ ಬಿಸಿ ಕಡಿಮೆ. ಬೇಗ ವಾಸಿಯಾಗುವುದು ಇದರ ಲಾಭ, ಬಿಗಿತ ತುಸು ಕಡಿಮೆ ಎಂಬುದು ಮಿತಿ.

ಗಾಯವೇ ಔಷಧವಾಗುವ ಬಗೆ

ಲೇಸರ್ ಚರ್ಮವನ್ನು ಹಿಡಿದು ಎಳೆಯುವುದಿಲ್ಲ. ಅದು ಮಾಡುವುದು ಅಳತೆಯಿಟ್ಟ ಒಂದು ಗಾಯ, ಬಿಗಿ ಮಾಡುವುದು ಆ ಗಾಯವನ್ನು ವಾಸಿಮಾಡಿಕೊಳ್ಳುವ ದೇಹ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ, ಅಂದರೆ ಏಕೆ ತಿಂಗಳುಗಟ್ಟಲೆ ಕಾಯಬೇಕು, ಒಬ್ಬರಿಗೆ ಆದಷ್ಟು ಇನ್ನೊಬ್ಬರಿಗೆ ಏಕೆ ಆಗುವುದಿಲ್ಲ, ಅಪಾಯ ಎಲ್ಲಿಂದ ಬರುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಬೆಂಕಿಯ ಹತ್ತಿರ ಹಿಡಿದ ಕೂದಲು ಮುರುಟಿಕೊಳ್ಳುವುದನ್ನು ಎಲ್ಲರೂ ನೋಡಿದ್ದಾರೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಕೊಲಾಜನ್ ಎಳೆಗಳ ಹುರಿ ಬಿಚ್ಚಿಕೊಂಡು ಅವೂ ಮುರುಟಿ ಗಿಡ್ಡವಾಗುತ್ತವೆ. ಚಿಕಿತ್ಸೆಯಾದ ಕೂಡಲೇ ಕಾಣುವ ಒಂದಿಷ್ಟು ಬಿಗಿತ ಈ ಕಾರಣದ್ದು, ಅದರ ಜತೆಗೆ ಊತವೂ ಸೇರಿರುತ್ತದೆ. ಊತ ಇಳಿದಂತೆ ಆ ಮೊದಲ ಬಿಗಿತದಲ್ಲಿ ಒಂದು ಪಾಲು ಮರೆಯಾಗುವುದರಿಂದ ಎರಡನೆಯ ವಾರದಲ್ಲಿ ‘ಎಲ್ಲ ಹೋಯಿತು’ ಎಂದು ಗಾಬರಿಯಾಗುವವರುಂಟು.

ನಿಜವಾದ ಕೆಲಸ ಆಗ ಶುರುವಾಗಿರುತ್ತದೆ. ಗಾಯವಾದ ಜಾಗಕ್ಕೆ ರಕ್ತಕಣಗಳು ಧಾವಿಸಿ ಹಾಳಾದ ಭಾಗವನ್ನು ತೆರವು ಮಾಡುತ್ತವೆ. ಬಳಿಕ ಒಳಚರ್ಮದಲ್ಲಿರುವ, ಕೊಲಾಜನ್ ನೇಯುವುದೇ ಕಸುಬಾದ ಜೀವಕೋಶಗಳು ಎಚ್ಚೆತ್ತು ಹೊಸ ಎಳೆಗಳನ್ನು ಹೆಣೆಯತೊಡಗುತ್ತವೆ. ಮೊದಲು ಅವಸರದಲ್ಲಿ ಹೆಣೆದ ತೆಳು ಎಳೆಗಳನ್ನು ನಿಧಾನವಾಗಿ ಗಟ್ಟಿ ಎಳೆಗಳಿಂದ ಬದಲಿಸುವ ಈ ಕೆಲಸ ಮೂರರಿಂದ ಆರು ತಿಂಗಳು ನಡೆಯುತ್ತದೆ. ಮದುವೆ, ಗೃಹಪ್ರವೇಶದಂತಹ ಸಮಾರಂಭಕ್ಕೆ ತಯಾರಾಗಬೇಕೆನ್ನುವವರು ಹದಿನೈದು ದಿನ ಮುಂಚೆ ಬಂದರೆ ಕೆಂಪೇರಿದ ಮುಖದಲ್ಲೇ ಹೋಗಬೇಕಾಗುತ್ತದೆ, ಆರು ತಿಂಗಳ ಮುಂಚೆ ಯೋಚಿಸಬೇಕು ಎಂದು ವೈದ್ಯರು ಹೇಳುವುದು ಇದಕ್ಕೇ.

ಇಡೀ ಹೊಲ ಉಳುವುದು, ಗುಂಡಿ ತೋಡುವುದು

1990ರ ದಶಕದಲ್ಲಿ ಅಮೆರಿಕದಲ್ಲಿ ಸಿಒಟು ಲೇಸರ್‌ನಿಂದ ಮುಖದ ಹೊರಚರ್ಮವನ್ನು ಪೂರ್ತಿ ತೆಗೆದು ಹೊಸದಾಗಿ ಬೆಳೆಯಲು ಬಿಡುವ ಪದ್ಧತಿ ಜನಪ್ರಿಯವಾಯಿತು. ಸುಕ್ಕುಗಳೇನೋ ಚೆನ್ನಾಗಿ ಹೋಗುತ್ತಿದ್ದವು. ಆದರೆ ಮುಖವಿಡೀ ಹಸಿಗಾಯವಾಗಿ ಒಂದೆರಡು ವಾರ ರಸ ಸೋರುತ್ತಿತ್ತು, ಕೆಂಪು ತಿಂಗಳುಗಟ್ಟಲೆ ಉಳಿಯುತ್ತಿತ್ತು, ಕೆಲವರಲ್ಲಿ ತಿಂಗಳುಗಳ ನಂತರ ಚರ್ಮದ ಬಣ್ಣವೇ ಹೋಗಿ ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣವಾಗಿ ನಡುವೆ ಗೆರೆ ಕಾಣುತ್ತಿತ್ತು.

2004ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸಂಶೋಧಕರು ಬೇರೆಯೇ ಉಪಾಯವನ್ನು ಪ್ರಕಟಿಸಿದರು. ಅಡಿಕೆ ಸಸಿ ನೆಡುವವರು ಇಡೀ ನೆಲವನ್ನು ಅಗೆಯುವುದಿಲ್ಲ, ಅಳತೆಯ ಅಂತರ ಬಿಟ್ಟು ಗುಂಡಿ ತೋಡುತ್ತಾರೆ, ನಡುವಿನ ಮಣ್ಣು ಹಾಗೇ ಉಳಿಯುತ್ತದೆ. ‘ಫ್ರ್ಯಾಕ್ಷನಲ್ ಲೇಸರ್’ ಎಂಬುದರ ತತ್ತ್ವ ಇದೇ. ಕಿರಣವನ್ನು ನೂರಾರು ಸೂಕ್ಷ್ಮ ಚುಕ್ಕಿಗಳಾಗಿ ಒಡೆದು ಚರ್ಮದಲ್ಲಿ ಕೂದಲೆಳೆಯ ಗಾತ್ರದ ಕಂಬಗಳಂತಹ ಗಾಯಗಳನ್ನು ಮಾಡಲಾಗುತ್ತದೆ. ಪ್ರತಿ ಗಾಯದ ಸುತ್ತಲೂ ಆರೋಗ್ಯವಂತ ಚರ್ಮ ಇರುವುದರಿಂದ ಅಲ್ಲಿಂದ ಜೀವಕೋಶಗಳು ಸರಿದು ಬಂದು ಒಂದೆರಡು ದಿನದಲ್ಲೇ ಗಾಯದ ಬಾಯಿ ಮುಚ್ಚುತ್ತವೆ.

ಕ್ಲಿನಿಕ್‌ಗಳಲ್ಲಿ ಇನ್ನೂ ಎರಡು ಪದಗಳು ಕಿವಿಗೆ ಬೀಳುತ್ತವೆ. ಹೊರಚರ್ಮವನ್ನು ಆವಿಯಾಗಿಸುವ ಸಿಒಟು, ಎರ್ಬಿಯಂ-ಯಾಗ್‌ಗಳಿಗೆ ‘ಅಬ್ಲೇಟಿವ್’ ಎನ್ನುತ್ತಾರೆ. ಹೊರಚರ್ಮದಲ್ಲಿ ತೂತು ಮಾಡದೆ ಒಳಚರ್ಮವನ್ನು ಕಾಯಿಸುವ, 1,550 ನ್ಯಾನೋಮೀಟರಿನ ಎರ್ಬಿಯಂ-ಗ್ಲಾಸ್‌ನಂತಹವು ‘ನಾನ್-ಅಬ್ಲೇಟಿವ್’. ಮೊದಲನೆಯದರಲ್ಲಿ ಫಲವೂ ಹೆಚ್ಚು, ಮುಖ ಸಹಜವಾಗಲು ಬೇಕಾದ ದಿನಗಳೂ ಹೆಚ್ಚು: ಫ್ರ್ಯಾಕ್ಷನಲ್ ಸಿಒಟು ಆದರೆ ಸುಮಾರು ಒಂದು ವಾರ. ಎರಡನೆಯದರಲ್ಲಿ ಎರಡು ಮೂರು ದಿನದ ಕೆಂಪು, ಊತ ಅಷ್ಟೆ, ಆದರೆ ತಿಂಗಳಿಗೊಂದರಂತೆ ಮೂರರಿಂದ ಐದು ಬಾರಿ ಮಾಡಿಸಬೇಕಾಗುತ್ತದೆ, ಜೋಲು ಚರ್ಮದ ಮೇಲೆ ಪರಿಣಾಮ ಸೌಮ್ಯ.

ನಮ್ಮ ಮೈಬಣ್ಣಕ್ಕೆ ಬೇರೆ ಲೆಕ್ಕ

ಬಿಸಿಲಿಗೆ ಚರ್ಮ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ನೋಡಿ ಮೈಬಣ್ಣವನ್ನು ಆರು ವರ್ಗಗಳಾಗಿ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಮಾನಕದಲ್ಲಿ ಭಾರತೀಯರಲ್ಲಿ ಹೆಚ್ಚಿನವರು ನಾಲ್ಕು, ಐದನೆಯ ವರ್ಗಗಳ ಆಸುಪಾಸಿನಲ್ಲಿ ಬರುತ್ತಾರೆ. ನಮ್ಮ ಚರ್ಮದಲ್ಲಿ ಮೆಲನಿನ್ ಹೆಚ್ಚು. ಬಿಸಿಲಿನ ಹಾನಿಯಿಂದ ಅದು ಕಾಪಾಡುವುದರಿಂದ ಬಿಳಿಯರಿಗಿಂತ ನಮಗೆ ಸುಕ್ಕು ತಡವಾಗಿ ಬರುತ್ತದೆ. ಆದರೆ ಇದೇ ಮೆಲನಿನ್ ಲೇಸರ್ ಚಿಕಿತ್ಸೆಯಲ್ಲಿ ತೊಡಕಾಗುತ್ತದೆ. ಮೊಡವೆ ಹೋದ ಮೇಲೆ ಕಪ್ಪು ಕಲೆ ಉಳಿಯುವುದು, ಒಗ್ಗರಣೆ ಸಿಡಿದ ಜಾಗ ತಿಂಗಳುಗಟ್ಟಲೆ ಕಂದಾಗಿರುವುದು ನಮಗೆಲ್ಲ ಗೊತ್ತಿರುವುದೇ. ಚರ್ಮಕ್ಕೆ ಏಟು ಬಿದ್ದಾಗ, ಉರಿಯೂತವಾದಾಗ ಮೆಲನಿನ್ ತಯಾರಿಸುವ ಜೀವಕೋಶಗಳು ಕೆರಳಿ ಹೆಚ್ಚು ಬಣ್ಣ ಸುರಿಯುತ್ತವೆ. ಲೇಸರ್‌ನ ಬಿಸಿಯೂ ಅವುಗಳ ಪಾಲಿಗೆ ಏಟೇ.

ಹಾಗೆಂದು ನಮ್ಮ ಮೈಬಣ್ಣಕ್ಕೆ ಲೇಸರ್ ಆಗದು ಎಂದಲ್ಲ. ಅನುಭವಿ ವೈದ್ಯರು ಶಕ್ತಿಯನ್ನು ತಗ್ಗಿಸಿ, ಚುಕ್ಕಿಗಳ ನಡುವೆ ಹೆಚ್ಚು ಅಂತರ ಬಿಟ್ಟು, ಒಂದೇ ಸಲಕ್ಕೆ ಮುಗಿಸದೆ ಹಲವು ಕಂತುಗಳಲ್ಲಿ ಮಾಡುತ್ತಾರೆ. ಕಿವಿಯ ಹಿಂದೆಯೋ ದವಡೆಯ ಕೆಳಗೋ ಸಣ್ಣ ಜಾಗದಲ್ಲಿ ಮೊದಲು ಪರೀಕ್ಷಿಸಿ ಕೆಲವು ವಾರ ಕಾದು ನೋಡುವುದೂ ಉಂಟು. ಕೆನ್ನೆಯ ಮೇಲೆ ಬಂಗು ಇರುವವರು ಇನ್ನೂ ಎಚ್ಚರದಿಂದಿರಬೇಕು, ಬಿಸಿ ತಾಗಿದರೆ ಬಂಗು ಹೆಚ್ಚಾಗುವ ಸಾಧ್ಯತೆ ಇದೆ. ಯುರೋಪಿನ ಬಿಳಿ ಚರ್ಮದ ಮೇಲೆ ತೆಗೆದ ‘ಮೊದಲು–ನಂತರ’ ಚಿತ್ರಗಳನ್ನು ತೋರಿಸಿದರೆ ಅದರಿಂದ ನಮಗೆ ತಿಳಿಯುವುದು ಬಹಳ ಕಡಿಮೆ, ನಮ್ಮಂಥದೇ ಮೈಬಣ್ಣದವರ ಚಿತ್ರ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕುತ್ತಿಗೆಗೆ ಇನ್ನಷ್ಟು ಎಚ್ಚರ ಏಕೆ

ಗಾಯವಾದ ಚರ್ಮ ಮರಳಿ ಬೆಳೆಯುವಾಗ ಹೊಸ ಜೀವಕೋಶಗಳು ಬಹುಪಾಲು ಬರುವುದು ಕೂದಲಿನ ಬುಡದಿಂದ, ಅಲ್ಲೇ ಇರುವ ಎಣ್ಣೆಯ ಗ್ರಂಥಿಗಳಿಂದ. ಮುಖದಲ್ಲಿ ಇವು ಒತ್ತಾಗಿವೆ, ಕುತ್ತಿಗೆಯಲ್ಲಿ ವಿರಳ. ಕುತ್ತಿಗೆಯ ಚರ್ಮ ತೆಳುವೂ ಹೌದು. ಆದ್ದರಿಂದ ಮುಖಕ್ಕೆ ಸರಿಹೋಗುವ ಶಕ್ತಿಯನ್ನೇ ಕುತ್ತಿಗೆಗೂ ಬಳಸಿದರೆ ಗಾಯ ತಡವಾಗಿ ಮಾಯುತ್ತದೆ, ಉಬ್ಬಿದ ಗಾಯದ ಗುರುತುಗಳು ಉಳಿಯುವ ಅಪಾಯ ಹೆಚ್ಚುತ್ತದೆ. ಕುತ್ತಿಗೆಗೆ ಶಕ್ತಿಯೂ ಕಡಿಮೆ, ಚುಕ್ಕಿಗಳೂ ಕಡಿಮೆ, ಹಾಗಾಗಿ ಫಲವೂ ಮುಖದಷ್ಟು ಎದ್ದು ಕಾಣುವುದಿಲ್ಲ.

ಚಿಕಿತ್ಸೆಯ ದಿನ, ಆ ನಂತರದ ವಾರ

ಫ್ರ್ಯಾಕ್ಷನಲ್ ಸಿಒಟು ಚಿಕಿತ್ಸೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮುಖ ತೊಳೆದು ಮರಗಟ್ಟಿಸುವ ಮುಲಾಮನ್ನು ದಪ್ಪಗೆ ಹಚ್ಚಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕೂರಿಸುತ್ತಾರೆ. ಕುತ್ತಿಗೆಗೂ ಮಾಡುವುದಾದರೆ ಸರ, ಕರಿಮಣಿ ಎಲ್ಲ ತೆಗೆದಿಡಬೇಕು, ಲೋಹಕ್ಕೆ ತಾಗಿದ ಕಿರಣ ಬೇರೆಡೆಗೆ ಪ್ರತಿಫಲಿಸಬಹುದು. ಕಣ್ಣಿಗೆ ರಕ್ಷಣಾ ಕವಚ ಕಡ್ಡಾಯ, ಕೋಣೆಯಲ್ಲಿರುವ ವೈದ್ಯರು, ಸಹಾಯಕರು ಕೂಡ ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕ ಧರಿಸಿರುತ್ತಾರೆ. ಯಂತ್ರದ ತುದಿ ಕೆನ್ನೆಗೆ ತಾಗಿದಾಗ ‘ಟಿಕ್’ ಎಂಬ ಸದ್ದು, ಸೂಜಿಯ ಮೊನೆಗಳನ್ನು ಒಟ್ಟಿಗೆ ಒತ್ತಿದಂತಹ ಚುರುಕು, ಕೂದಲು ಸುಟ್ಟ ವಾಸನೆ. ಅಂಚೆಚೀಟಿಯ ಗಾತ್ರದ ಚೌಕದೊಳಗೆ ಚುಕ್ಕಿಗಳು ರಂಗೋಲಿಯ ಎಳೆ ಎಳೆಯುವ ಮುನ್ನ ಇಟ್ಟ ಚುಕ್ಕಿಗಳಂತೆ ಸಾಲಾಗಿ ಮೂಡುತ್ತವೆ. ಒಂದು ಚೌಕದ ಪಕ್ಕ ಇನ್ನೊಂದು ಚೌಕ, ಹೀಗೆ ಅರ್ಧ ಗಂಟೆಯಲ್ಲಿ ಮುಖ ಮುಗಿಯುತ್ತದೆ.

ಆ ದಿನ ಸಂಜೆ ಮುಖ ಬಿಸಿಲಿಗೆ ಬೆಂದಂತೆ ಉರಿಯುತ್ತದೆ. ಎರಡನೆಯ ದಿನ ಊತ, ಕಣ್ಣಿನ ಕೆಳಗೆ ಹೆಚ್ಚು. ಮೂರು ನಾಲ್ಕನೆಯ ದಿನಕ್ಕೆ ಮುಖದ ಮೇಲೆ ಗಸಗಸೆ ಉದುರಿಸಿದಂತೆ ಕಂದು ಚುಕ್ಕಿಗಳು ಕಾಣಿಸಿಕೊಂಡು, ಕೈಯಾಡಿಸಿದರೆ ರವೆಯ ಹಾಗೆ ತರಿತರಿಯಾಗಿರುತ್ತದೆ. ಅವು ಒಂದು ವಾರದ ಒಳಗೆ ತಾವಾಗಿ ಉದುರಬೇಕು, ಉಗುರಿನಿಂದ ಕೆರೆದು ತೆಗೆದರೆ ಕಲೆ ಖಂಡಿತ ಎಂದೇ ತಿಳಿಯಬೇಕು. ಈ ದಿನಗಳಲ್ಲಿ ವೈದ್ಯರು ಬರೆದುಕೊಟ್ಟ ಮುಲಾಮು ಅಥವಾ ಪೆಟ್ರೋಲಿಯಂ ಜೆಲ್ಲಿ ಬಿಟ್ಟರೆ ಬೇರೇನೂ ಬೇಡ. ಅರಿಶಿನ, ಲಿಂಬೆರಸ, ತೋಟದ ಲೋಳೆಸರ ಇವನ್ನೆಲ್ಲ ಮನೆಯವರು ಪ್ರೀತಿಯಿಂದಲೇ ಸೂಚಿಸುತ್ತಾರೆ, ಆದರೆ ತೆರೆದ ಗಾಯಕ್ಕೆ ಅವು ಸೋಂಕನ್ನೋ ಅಲರ್ಜಿಯನ್ನೋ ತರಬಹುದು. ಗಾಯ ಮುಚ್ಚಿದ ಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ತಿಂಗಳುಗಟ್ಟಲೆ ತಪ್ಪಬಾರದು, ಹೊರಗೆ ಹೋಗುವಾಗ ಕೊಡೆ ಅಥವಾ ಅಗಲ ಅಂಚಿನ ಟೋಪಿ ಇರಲಿ. ನೋವು ದಿನೇ ದಿನೇ ಹೆಚ್ಚುತ್ತ ಹೋದರೆ, ಕೀವು, ಜ್ವರ, ಅಥವಾ ನೀರು ತುಂಬಿದ ಗುಳ್ಳೆಗಳ ಗೊಂಚಲು ಕಂಡರೆ ಅಂದೇ ವೈದ್ಯರನ್ನು ಕಾಣಬೇಕು.

ಲೇಸರ್ ಎಂಬ ಹೆಸರಿನಲ್ಲಿ ಬರುವ ಇತರ ಯಂತ್ರಗಳು

ಮಾತಿನಲ್ಲಿ ಎಲ್ಲ ಯಂತ್ರಗಳಿಗೂ ‘ಲೇಸರ್’ ಎನ್ನುವ ರೂಢಿ ಬಂದುಬಿಟ್ಟಿದೆ. ಚರ್ಮ ಬಿಗಿಗೊಳಿಸಲು ಬಳಸುವ ಎರಡು ಮುಖ್ಯ ಯಂತ್ರಗಳು ಲೇಸರ್‌ಗಳೇ ಅಲ್ಲ. ರೇಡಿಯೊ ಫ್ರೀಕ್ವೆನ್ಸಿ ಯಂತ್ರ ವಿದ್ಯುತ್ತಿನ ಅಲೆಗಳಿಂದ ಒಳಚರ್ಮವನ್ನು ಕಾಯಿಸುತ್ತದೆ. ‘ಹೈಫು’ ಮುಂತಾದ ಹೆಸರಿನ ಅಲ್ಟ್ರಾಸೌಂಡ್ ಯಂತ್ರಗಳು ಶಬ್ದದ ಅಲೆಗಳನ್ನು ಚರ್ಮದ ಕೆಳಗೆ ಒಂದು ಬಿಂದುವಿನಲ್ಲಿ ಸೇರಿಸಿ, 4.5 ಮಿಲಿಮೀಟರ್ ಆಳದವರೆಗೂ ಬಿಸಿ ಮುಟ್ಟಿಸುತ್ತವೆ, ಅಂದರೆ ಲೇಸರ್ ತಲುಪಲಾಗದ ಸ್ನಾಯುಪೊರೆಯ ಮಟ್ಟಕ್ಕೆ. ಇವೆರಡೂ ಬೆಳಕನ್ನು ಬಳಸದಿರುವುದರಿಂದ ಮೆಲನಿನ್‌ನ ತೊಡಕು ಕಡಿಮೆ, ಕಂದುಬಣ್ಣದ ಚರ್ಮಕ್ಕೆ ಆ ಮಟ್ಟಿಗೆ ಅನುಕೂಲ. ಆದರೆ ಆಳಕ್ಕೆ ಹೋದ ಬಿಸಿ ತಪ್ಪು ಜಾಗಕ್ಕೆ ಬಿದ್ದರೆ ನರಕ್ಕೆ ಪೆಟ್ಟಾಗುವ, ಕೊಬ್ಬು ಕರಗಿ ಕೆನ್ನೆ ಇನ್ನಷ್ಟು ಗುಳಿ ಬೀಳುವ ಅಪಾಯವೂ ಇದೆ. ತೂಕ ಇಳಿದು ಮುಖದ ಕೊಬ್ಬು ಈಗಾಗಲೇ ಕಡಿಮೆಯಾದವರು ಇದನ್ನು ವೈದ್ಯರೊಡನೆ ವಿಶೇಷವಾಗಿ ಚರ್ಚಿಸಬೇಕು.

ಹೋಗುವ ಮುನ್ನ ತಿಳಿಸಬೇಕಾದದ್ದು, ಕೇಳಬೇಕಾದದ್ದು

ಬಸುರಿಯರು ಈ ಚಿಕಿತ್ಸೆಯನ್ನು ಮುಂದೂಡುವುದು ವಾಡಿಕೆ. ಗಾಯವಾದಲ್ಲೆಲ್ಲ ಉಬ್ಬಿದ ಗಂಟಿನಂತೆ ಬೆಳೆಯುವ ಕೀಲಾಯ್ಡ್ ಪ್ರವೃತ್ತಿ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಮೊಡವೆಗೆಂದು ನುಂಗುವ ಐಸೊಟ್ರೆಟಿನಾಯಿನ್ ಮಾತ್ರೆ ಇವುಗಳನ್ನು ವೈದ್ಯರಿಂದ ಮುಚ್ಚಿಡಬಾರದು. ತುಟಿಯ ಅಂಚಿನಲ್ಲಿ ಆಗಾಗ ನೀರುಗುಳ್ಳೆ ಏಳುವ ಹರ್ಪಿಸ್ ಇದ್ದವರಿಗೆ ಲೇಸರ್ ನಂತರ ಅದು ಮುಖವಿಡೀ ಹರಡಬಲ್ಲದು, ಮೊದಲೇ ಹೇಳಿದರೆ ತಡೆಯುವ ಮಾತ್ರೆ ಕೊಡುತ್ತಾರೆ.

ಯಂತ್ರದ ಹೆಸರಿಗಿಂತ ಅದನ್ನು ಹಿಡಿದವರ ಕೈ ಮುಖ್ಯ. ಚಿಕಿತ್ಸೆ ಮಾಡುವವರು ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಸ್ನಾತಕೋತ್ತರ ಪದವಿ ಪಡೆದವರೇ, ಕರ್ನಾಟಕದಲ್ಲಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಅವರ ಹೆಸರು ನೋಂದಣಿಯಾಗಿದೆಯೇ, ಕ್ಲಿನಿಕ್ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿತವೇ ಎಂಬುದನ್ನು ವಿಚಾರಿಸಬಹುದು. ಕಿರಣ ಬಿಡುವವರು ವೈದ್ಯರೇ ಅಥವಾ ಸಹಾಯಕರೇ ಎಂದು ಕೇಳುವುದನ್ನು ಮರೆಯಬೇಡಿ. ಬಳಸುವ ಯಂತ್ರ ಯಾವುದು, ನನಗೆ ಎಷ್ಟು ಕಂತು ಬೇಕಾಗಬಹುದು, ಒಟ್ಟು ಖರ್ಚೆಷ್ಟು, ಕಲೆ ಉಳಿದರೆ ಅದರ ಚಿಕಿತ್ಸೆಯ ವೆಚ್ಚ ಯಾರದು ಎಂಬುದನ್ನೂ ಮುಂಗಡ ಕೊಡುವ ಮೊದಲೇ ಸ್ಪಷ್ಟ ಮಾಡಿಕೊಳ್ಳಬೇಕು, ಏಕೆಂದರೆ ಸೌಂದರ್ಯ ಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಚಿಕಿತ್ಸೆಯ ಮೊದಲು ಎದುರಿನಿಂದ, ಎರಡು ಪಕ್ಕದಿಂದ, ಅದೇ ಬೆಳಕಿನಲ್ಲಿ, ಅದೇ ದೂರದಿಂದ ಫೋಟೊ ತೆಗೆಸಿ ಒಂದು ಪ್ರತಿಯನ್ನು ನೀವೇ ಇಟ್ಟುಕೊಳ್ಳಿ. ಆರು ತಿಂಗಳ ಬಳಿಕ ಅದೇ ಕೋನದಿಂದ ಮತ್ತೆ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ದವಡೆಯ ಗೆರೆ ಎಷ್ಟು ಸರಿದಿದೆ, ಕಣ್ಣಂಚಿನ ಸುಕ್ಕು ಎಷ್ಟು ತೆಳುವಾಗಿದೆ ಎಂಬುದು ಕಾಣುತ್ತದೆ.